ಪಿಜ್ಜಾ ಕೊನೆಗೆ ಕೊಡಿ: ಅಮೆರಿಕದ ಕಾಲೇಜಲ್ಲಿ ಸಿನಿಮಾ ಹಾಕಿದ ನನ್ನ ಅನುಭವ

ಮೊದಲನೇ ಸಲ ನಾನು ಸಿನಿಮಾ ಹಾಕಿದಾಗ ಬಂದಿದ್ದು ನಲವತ್ತು ಜನ, ಮುಗಿಯೋ ಹೊತ್ತಿಗೆ ಉಳಿದಿದ್ದು ಒಂಬತ್ತು, ಅದ್ರಲ್ಲಿ ಇಬ್ರು ನಮ್ಮ ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳೇ. ಪಿಜ್ಜಾ ಮೊದ್ಲೇ ಕೊಟ್ಬಿಟ್ಟಿದ್ದೆ. ಹುಡುಗ್ರು ಎರಡೆರಡು ಸ್ಲೈಸ್ ಹಾಕ್ಕೊಂಡು ಹಿಂದಿನ ಸಾಲಲ್ಲಿ ಕೂತು, ಲೈಟ್ ಆಫ್ ಆಗ್ತಿದ್ದಂಗೇ ಒಬ್ಬೊಬ್ರೇ ಜಾಗ ಖಾಲಿ ಮಾಡಿದ್ರು. ಊಟ ಆದ್ಮೇಲೆ ಮದುವೆ ಮನೇಲಿ ಯಾರು ಕೂತಿರ್ತಾರೆ ಹೇಳಿ, ಇದನ್ನ ಶಿವಮೊಗ್ಗದವಳು ಅಮೆರಿಕಕ್ಕೆ ಬಂದು ಕಲೀಬೇಕಿತ್ತಾ.

ನಾನಿರೋದು ಮಿಡ್‌ವೆಸ್ಟಿನ ಒಂದು ಸಣ್ಣ ಊರು, ಅಮೆರಿಕನ್ ಸ್ಟಡೀಸಲ್ಲಿ ಓದ್ತಾ ಅದೇ ಪ್ರೋಗ್ರಾಮಿಗೆ ಅಸಿಸ್ಟೆಂಟ್ ಕೆಲಸ ಮಾಡ್ತೀನಿ, ಎಫ್-1 ಅನ್ನೋ ಸ್ಟೂಡೆಂಟ್ ವೀಸಾ ಆದ್ರಿಂದ ಸೆಮಿಸ್ಟರ್ ನಡೀವಾಗ ವಾರಕ್ಕೆ 20 ಗಂಟೆ ಮೇಲೆ ಮಾಡೋ ಹಾಗಿಲ್ಲ. ಅಮೆರಿಕನ್ ಸ್ಟಡೀಸ್ ಅಂದ್ರೆ ಇತಿಹಾಸ, ಸಾಹಿತ್ಯ, ಸಂಗೀತ, ವಲಸೆ ಕಾನೂನು ಎಲ್ಲ ಸೇರಿದ ಚಿತ್ರಾನ್ನ ಅಂದ್ಕೊಳ್ಳಿ. ಅಲ್ಲಿ ತಿಂಗಳಿಗೊಂದು ಸಿನಿಮಾ ಇಲ್ಲಾ ಒಂದು ಭಾಷಣ, ಊರವರಿಗೂ ಫ್ರೀ ಎಂಟ್ರಿ, ಅದನ್ನ ನಡೆಸೋದು ನನ್ನ ತಲೆ ಮೇಲೆ.

ಶುರುಲ್ಲಿ ನಂಗೆ ಗೊತ್ತಿಲ್ದೇ ಇದ್ದ ದೊಡ್ಡ ವಿಷ್ಯ ಲೈಸೆನ್ಸ್. ಕ್ಲಾಸಲ್ಲಿ ಪಾಠದ ಭಾಗವಾಗಿ ಮೇಷ್ಟ್ರು ಮಕ್ಕಳಿಗೆ ಸಿನಿಮಾ ತೋರಿಸಿದ್ರೆ ಅಲ್ಲಿನ ಕಾಪಿರೈಟ್ ಕಾಯ್ದೆಯ 110ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ, ಆದ್ರೆ ಅದೇ ರೂಮಿನ ಬಾಗಿಲಿಗೆ "ಎಲ್ಲರಿಗೂ ಸ್ವಾಗತ" ಅಂತ ಪೋಸ್ಟರ್ ಅಂಟಿಸಿದ ಕ್ಷಣಕ್ಕೆ ಅದು ಪಬ್ಲಿಕ್ ಶೋ ಆಗೋಗುತ್ತೆ, ಟಿಕೆಟ್ ಇಲ್ದೇ ಇದ್ರೂನೂ, ಡಿವಿಡಿ ನಿಮ್ದೇ ಆಗಿದ್ರೂನೂ. ಅದಕ್ಕೆ ಸಿನಿಮಾ ಹಕ್ಕಿರೋರ ಹತ್ರ ಲೈಸೆನ್ಸ್ ತಗೋಬೇಕು, ಒಂದು ಶೋಗೆ ನೂರಾರು ಡಾಲರ್ ಕೇಳ್ತಾರೆ. ನಮ್ಮ ಬಜೆಟ್ಟಿಗೆ ಅದು ಆಗೋ ಮಾತಲ್ಲ, ಹಾಗಾಗಿ ಹಳೇ ಸಿನಿಮಾ ಹುಡುಕೋಕೆ ಹತ್ತಿದೆ. 1964ಕ್ಕೆ ಮುಂಚೆ ಬಂದು, 28ನೇ ವರ್ಷದಲ್ಲಿ ಕಾಪಿರೈಟ್ ರಿನ್ಯೂ ಮಾಡಿಸದೇ ಬಿಟ್ಟ ಅಮೆರಿಕನ್ ಸಿನಿಮಾಗಳು ಬೇಕಾದಷ್ಟಿವೆ, ಅವಕ್ಕೆ ಲೈಸೆನ್ಸ್ ಬೇಡ, ಅಲ್ಲಿನ ಕೇಂದ್ರ ಸರ್ಕಾರವೇ ತೆಗೆದ ಡಾಕ್ಯುಮೆಂಟರಿಗಳಿಗಂತೂ ಕಾಪಿರೈಟೇ ಇಲ್ಲ. ಪ್ರತಿ ಸಲ ನಮ್ಮ ಲೈಬ್ರರಿಯನ್ನಮ್ಮ ಚೆಕ್ ಮಾಡಿ ಹೂಂ ಅಂದ್ಮೇಲೇ ನಾನು ಪೋಸ್ಟರ್ ಪ್ರಿಂಟ್ ಹಾಕ್ಸೋದು. ದುಡ್ಡಿಲ್ಲ ಅಂತ ಹಳೇದಕ್ಕೆ ಹೋಗಿದ್ದು, ನೋಡಿದ್ರೆ ಮಾತಾಡೋಕೆ ವಿಷಯ ಇರೋದೇ ಅವುಗಳಲ್ಲಿ.

ಮಷೀನ್ ಕಥೆ ಬೇಗ ಹೇಳ್ಬಿಡ್ತೀನಿ. ಹಿಂದಿನ ದಿನಾನೇ ಹೋಗಿ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಹಾಕಿ ನೋಡಿ, ಸೌಂಡ್ ಹಾಲ್ ಸ್ಪೀಕರಿಂದ ಬರ್ತಿದ್ಯಾ ಲ್ಯಾಪ್‌ಟಾಪಿಂದ ಬರ್ತಿದ್ಯಾ ಅಂತ ಕಿವಿಗೊಟ್ಟು ಕೇಳಿ, ಹಳೇ ಚೌಕ ಸಿನಿಮಾ ಅಗಲಕ್ಕೆ ಎಳ್ಕೊಂಡು ಎಲ್ರೂ ಕುಳ್ಳಗೆ ದಪ್ಪಗೆ ಕಾಣಿಸ್ತಿದ್ದಾರಾ ನೋಡಿ. ನಮ್ಮ ಹಾಲಲ್ಲಿ ಕರೆಂಟ್ ಉಳಿಸೋ ಸೆನ್ಸರ್ ಲೈಟು ಬೇರೆ, ಯಾರಾದ್ರೂ ಟಾಯ್ಲೆಟ್ಟಿಗೆ ಎದ್ರೆ ಫಳ್ ಅಂತ ಹತ್ಕೊಳ್ಳೋದು. ಮೇಂಟೆನೆನ್ಸ್‌ನವರನ್ನ ಕೇಳಿ ಕೇಳಿ ಸಾಕಾಗಿ, ಕೊನೆಗೆ ಬಾಗಿಲ ಹತ್ರದ ಸೆನ್ಸರಿಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸ್ದೆ. ಯಾರಿಗೂ ಹೇಳ್ಬೇಡಿ.

ನಿಜವಾಗ್ಲೂ ಕಣ್ಣು ತೆರೆಸಿದ್ದು 'ಸಾಲ್ಟ್ ಆಫ್ ದಿ ಅರ್ಥ್' ಹಾಕಿದ ದಿನ. ಅದು 1954ರ ಸಿನಿಮಾ, ನ್ಯೂ ಮೆಕ್ಸಿಕೋದ ಸತು ಗಣಿಯ ನಿಜವಾದ ಸ್ಟ್ರೈಕ್ ಮೇಲೆ ತೆಗೆದಿದ್ದು. ಗಣಿ ಗಂಡಸರು ಪಿಕೆಟ್ ಮಾಡಬಾರದು, ಅಂದ್ರೆ ಗಣಿ ಮುಂದೆ ಸಾಲು ನಿಂತು ಪ್ರತಿಭಟಿಸಬಾರದು ಅಂತ ಕೋರ್ಟ್ ತಡೆ ಹಾಕುತ್ತೆ, ಆಗ ಹೆಂಗಸರು ಬಂದು ಅವರ ಜಾಗದಲ್ಲಿ ನಿಲ್ತಾರೆ. ಡೈರೆಕ್ಟರ್ ಹರ್ಬರ್ಟ್ ಬೀಬರ್‌ಮನ್ ಕಮ್ಯುನಿಸ್ಟ್ ಅನ್ನೋ ಅನುಮಾನಕ್ಕೆ ಕೆಲಸ ಕೊಡದೇ ದೂರ ಇಟ್ಟವರ ಹಾಲಿವುಡ್ ಬ್ಲ್ಯಾಕ್‌ಲಿಸ್ಟಲ್ಲಿದ್ದು ಜೈಲಿಗೂ ಹೋಗಿ ಬಂದವರು, ನಾಯಕಿ ರೊಸಾವುರಾ ರೆವುಯೆಲ್ತಾಸ್ ಮೆಕ್ಸಿಕೋದವರು, ಶೂಟಿಂಗ್ ಮಧ್ಯದಲ್ಲೇ ಇಮಿಗ್ರೇಷನ್‌ನವರು ಅವರನ್ನ ಹಿಡ್ಕೊಂಡು ಹೋದ್ರು, ನಾಯಕನಾಗಿ ಮಾಡಿದ ಹ್ವಾನ್ ಚಕೋನ್ ಅಲ್ಲಿನ ಯೂನಿಯನ್ ಲೀಡರೇ. ರಿಲೀಸ್ ಆದಾಗ ಪ್ರೊಜೆಕ್ಟರ್ ಆಪರೇಟರ್‌ಗಳು ಹಾಕಲ್ಲ ಅಂದ್ರು, ಬೆರಳೆಣಿಕೆ ಥಿಯೇಟರಲ್ಲಷ್ಟೇ ಓಡ್ತು. ಅದೇ ಸಿನಿಮಾನ 1992ರಲ್ಲಿ, ಕಾಪಾಡಿ ಇಡಬೇಕಾದ ಅಮೆರಿಕನ್ ಸಿನಿಮಾಗಳ ಪಟ್ಟಿ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿಸಿದ್ರು!

ಅದರಲ್ಲೊಂದು ಸೀನ್ ಇದೆ. ಹೆಂಡತಿ ಪಿಕೆಟ್ಟಿಗೆ ಹೋಗಿರ್ತಾಳೆ, ಗಂಡ ಮನೇಲಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕ್ತಾ, ಸೌದೆ ಉರಿಯಲ್ಲಿ ನೀರು ಕಾಯಿಸೋಕೆ ಎಷ್ಟು ಹೊತ್ತು ಬೇಕು ಅಂತ ಪಕ್ಕದ ಮನೆಯವನ ಹತ್ರ ಗೊಣಗ್ತಾನೆ, ನಲ್ಲೀಲಿ ಬಿಸಿನೀರು ಬೇಕು ಅಂತ ಹೆಂಗಸರು ಕೇಳ್ತಿದ್ದಿದ್ದು ಅವತ್ತು ಅವನಿಗೆ ಅರ್ಥ ಆಗುತ್ತೆ. ನಮ್ಮ ಹಾಲಲ್ಲಿ ಜನ ನಕ್ಕರು. ಮೂರನೇ ಸಾಲಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿದ್ದ ಒಬ್ಬರು ಆಂಟಿ ಮಾತ್ರ ನಗಲಿಲ್ಲ, ಸೆರಗಿಲ್ದೇ ಇದ್ರೂ ಸೆರಗು ಹಿಡ್ಕೊಳ್ಳೋ ಥರ ಕೈ ಕತ್ತಿನ ಹತ್ರ ಹೋಯ್ತು.

ಸಿನಿಮಾ ಮುಗೀತು, ಗೆಸ್ಟ್ ಪ್ರೊಫೆಸರ್ ಸ್ಲೈಡ್ ತೆಗೆದು ಶೀತಲ ಸಮರದ ಬಗ್ಗೆ ಶುರು ಮಾಡೋ ಅಷ್ಟರಲ್ಲಿ ಈ ಆಂಟಿ ಕೈ ಎತ್ತಿದ್ರು. ರಿಟೈರ್ಡ್ ನರ್ಸ್, ಹುಟ್ಟಿ ಬೆಳೆದಿದ್ದು ಕೆಜಿಎಫ್ ಚಾಂಪಿಯನ್ ರೀಫ್ಸ್‌ನಲ್ಲಂತೆ. ಅಪ್ಪ ಚಿನ್ನದ ಗಣಿ ಒಳಗೆ ಇಳೀತಿದ್ರು. ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದಿತ್ತು, ಬೆಂಗಳೂರಿಗಿಂತ ಮುಂಚೆ, ಆದ್ರೆ ನಮ್ಮ ಲೈನ್ ಮನೆಗಳಲ್ಲಿ ನಾನು ಕೊಡ ಹಿಡ್ಕೊಂಡು ಬೀದಿ ನಲ್ಲಿ ಮುಂದೆ ಕ್ಯೂ ನಿಂತಿದ್ದೀನಿ ಅಂದ್ರು. ರಾತ್ರಿ ಗಣಿ ಒಳಗೆ ಬಂಡೆ ಸಿಡಿದ್ರೆ ಮನೇಲಿ ಪಾತ್ರೆ ಅದುರೋವಂತೆ, ಅಮ್ಮ ಎದ್ದು ಕೂತು ಬಾಗಿಲು ನೋಡ್ತಾ ಇರೋರಂತೆ. ಇಂಗ್ಲಿಷಲ್ಲೇ ಹೇಳಿದ್ರು, ನಿಧಾನಕ್ಕೆ. ಅವರು ಕೂತ ಮೇಲೆ ಹಿಂದಿನಿಂದ ಒಬ್ಬ ಅಜ್ಜ ಎದ್ದು ತಮ್ಮಮ್ಮ ಸ್ಟ್ರೈಕ್ ಟೈಮಲ್ಲಿ ದೊಡ್ಡ ಪಾತ್ರೇಲಿ ಸೂಪ್ ಮಾಡ್ತಿದ್ದ ಕಥೆ ಹೇಳಿದ್ರು, ಆಮೇಲೆ ಇನ್ನೊಬ್ರು, ಹೀಗೆ ಒಂದೂವರೆ ಗಂಟೆ ನಡೀತು. ಪ್ರೊಫೆಸರ್ ಸ್ಲೈಡ್ ಮುಚ್ಚಿಟ್ಟು ಕೂತು ಕೇಳಿದ್ರು, ಅದು ಅವರ ದೊಡ್ಡತನ.

ಹೊರಗೆ ಬಂದ್ಮೇಲೆ ಆಂಟಿ ಕನ್ನಡದಲ್ಲಿ "ಏನಮ್ಮಾ, ನಾನು ಜಾಸ್ತಿ ಮಾತಾಡ್ಬಿಟ್ನಾ?" ಅಂದ್ರು. ಮನೆಮಾತು ತಮಿಳು, ಕನ್ನಡ ನನ್ನಷ್ಟೇ ಸಲೀಸು. ನಂಗೆ ಏನು ಹೇಳ್ಬೇಕೋ ತೋಚದೆ ಇನ್ನೊಂದು ಪಿಜ್ಜಾ ತಗೊಳ್ಳಿ ಆಂಟಿ ಅಂದೆ.

ಅವತ್ತಿಂದ ಕ್ರಮ ಬದಲಾಯಿಸ್ದೆ. ಗೆಸ್ಟ್ ಮಾತಾಡೋದು ಸಿನಿಮಾಗೆ ಮುಂಚೆ, ಹತ್ತೇ ನಿಮಿಷ, ಯಾವುದನ್ನ ಗಮನಿಸ್ಬೇಕು ಅಂತಷ್ಟೇ. ಮುಗಿದ್ಮೇಲೆ ಮೈಕ್ ಮೊದ್ಲು ಜನರ ಕೈಗೆ. ಕೆಲವು ಗೆಸ್ಟುಗಳಿಗೆ ಇದು ಹಿಡಿಸಲ್ಲ, ಮುಖ ದಪ್ಪ ಮಾಡ್ಕೋತಾರೆ, ಪರ್ವಾಗಿಲ್ಲ.

ಗೆಸ್ಟ್ ಬಗ್ಗೆ ಹೇಳ್ಬೇಕಾದ ಇನ್ನೊಂದು ಮಾತು, ಮುಖ್ಯವಾಗಿ ಇಂಡಿಯಾದಿಂದ ಯಾರನ್ನಾದ್ರೂ ಕರೆಸೋರಿಗೆ. ಬಿ-1 ಅನ್ನೋ ಬಿಸಿನೆಸ್ ವಿಸಿಟರ್ ವೀಸಾದಲ್ಲಿ ಬಂದೋರಿಗೆ ಕಾಲೇಜು ಗೌರವಧನ ಕೊಡಬಹುದು, ಆದ್ರೆ ಒಂದು ಕಡೆ 9 ದಿನ ಮೀರಬಾರದು, 6 ತಿಂಗಳಲ್ಲಿ 5 ಸಂಸ್ಥೆಗಿಂತ ಜಾಸ್ತಿ ತಗೊಂಡಿರಬಾರದು. ನಾವು ಕರೆದಿದ್ದ ಮೇಡಂ ಆಗಲೇ ಐದು ಕಡೆ ಮುಗಿಸಿದ್ರು, ನಂಗೆ ಗೊತ್ತಾಗಿದ್ದು ಪೋಸ್ಟರ್ ಊರೆಲ್ಲ ಅಂಟಿಸಿದ ಮೇಲೆ. ಕೊನೆಗೆ ಅವರು ವಾಪಸ್ ಹೋಗಿ ಅವರ ಮನೆಯಿಂದಲೇ ಝೂಮಲ್ಲಿ ಮಾತಾಡಿದ್ರು, ಅಲ್ಲಿ ಬೆಳಗಿನ ಜಾವ, ಹಿಂದೆ ಕುಕ್ಕರ್ ವಿಷಲ್ ಬೇರೆ.

ಮುಂದಿನ ತಿಂಗಳು ಆಸ್ಕರ್ ಮಿಷೋ ಅವರ 1920ರ 'ವಿದಿನ್ ಅವರ್ ಗೇಟ್ಸ್' ಹಾಕ್ತಿದ್ದೀನಿ, ಕಪ್ಪು ಜನಾಂಗದ ಡೈರೆಕ್ಟರ್ ತೆಗೆದ ಮೂಕಿ ಚಿತ್ರ, ಕಳೆದೇ ಹೋಯ್ತು ಅಂದ್ಕೊಂಡಿದ್ದ ಪ್ರಿಂಟ್ ಎಷ್ಟೋ ದಶಕ ಆದ್ಮೇಲೆ ಸ್ಪೇನಲ್ಲಿ ಸಿಕ್ಕಿದ್ದು. ಆಂಟಿಗೆ ಫೋನ್ ಮಾಡಿ ಹೇಳ್ದೆ. "ಮಾತೇ ಇಲ್ದಿರೋ ಸಿನಿಮಾನಾ? ಹಂಗಾದ್ರೆ ಮಧ್ಯದಲ್ಲೇ ಮಾತಾಡಬಹುದು ಬಿಡು" ಅಂದ್ರು.