ಜಿನ್ ಜುನ್ ಮೇ ಚಹಾ: ಕುದಿಸಬೇಡಿ, ಬಸಿದು ಕುಡಿಯಿರಿ

ಚೀನಾಕ್ಕೆ ಹೋಗಿಬಂದ ಮಗನೋ ಸೊಸೆಯೋ ಪುಟ್ಟ ಡಬ್ಬಿಯಲ್ಲಿ ಜಿನ್ ಜುನ್ ಮೇ ಚಹಾ ತಂದುಕೊಟ್ಟರೆ ಅದನ್ನು ಹಾಲಿನ ಪಾತ್ರೆಗೆ ಮಾತ್ರ ಸುರಿಯಬೇಡಿ. ನಮ್ಮ ದಿನಬಳಕೆಯ ಚಹಾಪುಡಿಯನ್ನು ಯಂತ್ರದಲ್ಲಿ ಹರಿದು ಕಾಳಿನಂತೆ ಉರುಟಾಗಿ ಮಾಡಿರುತ್ತಾರೆ; ಕುದಿಸಿದಷ್ಟೂ ಗಟ್ಟಿ ಡಿಕಾಕ್ಷನ್ ಬಿಡಲಿ, ಹಾಲು ಹಾಕಿದರೂ ರುಚಿ ಎದ್ದು ನಿಲ್ಲಲಿ ಎಂದೇ ಆ ಏರ್ಪಾಡು. ಜಿನ್ ಜುನ್ ಮೇ ಹಾಗಲ್ಲ. ಅದು ಚಹಾ ಗಿಡದ ಇನ್ನೂ ಬಿಚ್ಚದ ಇಡೀ ಕುಡಿ. ಕುದಿಸಿದರೆ ಪರಿಮಳ ಹಬೆಯೊಡನೆ ಹೋಗುತ್ತದೆ, ಒಗರು ಕಹಿ ಪೂರ್ತಿ ಲೋಟಕ್ಕೆ ಇಳಿಯುತ್ತದೆ. ಮೇಲೆ ಹಾಲು, ಏಲಕ್ಕಿ, ಶುಂಠಿ ಬಿದ್ದರೆ ಕುಡಿದದ್ದು ಯಾವ ಚಹಾ ಎಂಬುದೇ ಗೊತ್ತಾಗುವುದಿಲ್ಲ.

ಇದರ ಊರು ಫುಜಿಯನ್ ಪ್ರಾಂತ್ಯದ ವೂಯಿ ಬೆಟ್ಟಗಳ ನಡುವಿನ ಟೋಂಗ್‌ಮು. ಸುತ್ತ ಸಂರಕ್ಷಿತ ಕಾಡು. ವೂಯಿ ಬೆಟ್ಟಗಳು 1999ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸುವ ಲ್ಯಾಪ್‌ಸಾಂಗ್ ಸೂಚಾಂಗ್ ಚಹಾದ ತವರೂ ಇದೇ. ಅದೇ ಊರಿನ ಗಿಡಗಳ ಕುಡಿಯನ್ನಷ್ಟೇ ಬಿಡಿಸಿ, ಹೊಗೆ ಸೋಕಿಸದೆ, 2005ರಲ್ಲಿ ಮೊದಲ ಬಾರಿ ಜಿನ್ ಜುನ್ ಮೇ ಮಾಡಿದರು. ವಸಂತದಲ್ಲಿ ಮಾತ್ರ ಕೊಯ್ಲು. ಅರ್ಧ ಕಿಲೋ ಒಣ ಚಹಾಕ್ಕೆ 50 ಸಾವಿರಕ್ಕೂ ಹೆಚ್ಚು ಕುಡಿಗಳನ್ನು ಕೈಯಿಂದ ಬಿಡಿಸಬೇಕು. ಬೆಲೆ ಹೆಚ್ಚಲು ಬೇರೆ ಕಾರಣ ಬೇಕಿಲ್ಲ.

ಕೊಳ್ಳುವಾಗ ಹೆಸರು ನೋಡಿ ನಂಬಬೇಡಿ. ಈ ಹೆಸರು ಒಂದು ಬಗೆಯ ಚಹಾಕ್ಕಿರುವ ಸಾಮಾನ್ಯ ಹೆಸರು, ಒಂದೇ ಕಂಪನಿಯ ಸೊತ್ತಲ್ಲ ಎಂದು ಬೀಜಿಂಗ್‌ನ ಹೈಕೋರ್ಟ್ 2013ರಲ್ಲೇ ತೀರ್ಪು ಕೊಟ್ಟಿದೆ. ಹಾಗಾಗಿ ಎಲ್ಲೆಲ್ಲೋ ಬೆಳೆದ ಚಹಾವೂ ಇದೇ ಹೆಸರಿನಲ್ಲಿ ಬರುತ್ತದೆ. ಒಂದು ಚಿಟಿಕೆ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಟೋಂಗ್‌ಮುವಿನ ಕುಡಿ ಸಣ್ಣದು, ತೆಳ್ಳಗೆ, ತುಸು ಬಾಗಿದ್ದು. ಹೆಚ್ಚಿನದು ಕಪ್ಪು, ನಡುನಡುವೆ ಚಿನ್ನದ ಬಣ್ಣದ ನವಿರು ರೋಮ. ಪೂರ್ತಿ ಹೊಂಬಣ್ಣದಲ್ಲಿ ಹೊಳೆಯುವ ದಪ್ಪ ಕುಡಿ ಕಂಡರೆ ಅದು ಬಹುಮಟ್ಟಿಗೆ ಚೀನಾದ ಇನ್ನೊಂದು ಪ್ರಾಂತ್ಯ ಯುನ್ನಾನ್‌ನ ದೊಡ್ಡೆಲೆಯ ಜಾತಿಯದು. ಅದೂ ಒಳ್ಳೆಯ ಚಹಾವೇ, ಆದರೆ ಜಿನ್ ಜುನ್ ಮೇ ಬೆಲೆ ಕೊಟ್ಟು ಅದನ್ನು ತರಬೇಕಿಲ್ಲ. ಹೊಗೆಯ ವಾಸನೆ ಇದ್ದರೂ ಬೇಡ. ಪೊಟ್ಟಣ ಬಿಚ್ಚಿದೊಡನೆ ಘಮ್ಮೆಂದು ಮೂಗಿಗೆ ಬಡಿದು, ಮೂರನೇ ಬಸಿತಕ್ಕೆ, ಅಂದರೆ ಅದೇ ಕುಡಿಗೆ ಮೂರನೇ ಸಲ ನೀರು ಹಾಕಿ ಬಸಿದಾಗ, ಹೇಳಹೆಸರಿಲ್ಲದಂತಾದರೆ ಹೊರಗಿನಿಂದ ಪರಿಮಳ ಸೇರಿಸಿದ್ದಾರೆಂದು ಅನುಮಾನಿಸಿ. ಒಳ್ಳೆಯದರಲ್ಲಿ ಜೇನಿನ, ಹೂವಿನ, ಬೇಯಿಸಿದ ಗೆಣಸಿನ ಮೆಲುವಾಸನೆ ಕೊನೆಯವರೆಗೂ ಎಳೆಯಾಗಿ ಉಳಿಯುತ್ತದೆ.

ಇನ್ನು ನೀರು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಈ ಚಹಾ ಕೆಟ್ಟೇ ಕೆಡುತ್ತದೆ: ಬಣ್ಣ ಮಂಕು, ಮೇಲೆ ತೆಳು ಕೆನೆಯಂಥ ಪದರ, ಬಾಯಲ್ಲಿ ಸಪ್ಪೆ. ಲವಣವನ್ನೆಲ್ಲ ತೆಗೆದುಬಿಟ್ಟ ಫಿಲ್ಟರ್ ನೀರಿನಲ್ಲೂ ರುಚಿ ಚಪ್ಪಟೆ. ಲವಣ ಕಡಿಮೆ ಇರುವ ಮೆದು ನೀರು ಸರಿ. ಮಲೆನಾಡಿನ ಒಳ್ಳೆಯ ಬಾವಿ ನೀರಿದ್ದರೆ ಅದಕ್ಕಿಂತ ಬೇರೆ ಹುಡುಕಬೇಡಿ. ಒಮ್ಮೆ ಕುದಿಸಿ ಆರಿದ ನೀರನ್ನೇ ಮತ್ತೆ ಮತ್ತೆ ಕುದಿಸುವುದು ಬೇಡ, ಹೊಸ ನೀರು ಇಡಿ. ಶಾಖ 85ರಿಂದ 90 ಡಿಗ್ರಿ ಸಾಕು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ತಣ್ಣಗಿನ ಚೊಂಬಿಗೆ ಒಮ್ಮೆ ಬಗ್ಗಿಸಿ, ಒಂದು ನಿಮಿಷ ಬಿಟ್ಟು ಬಳಸಿ.

ಚೀನೀಯರು ಇದನ್ನು ಗಾಯ್ವಾನ್ ಎಂಬ ಪಿಂಗಾಣಿ ಬಟ್ಟಲಿನಲ್ಲಿ ಮಾಡುತ್ತಾರೆ. ಕೆಳಗೆ ತಟ್ಟೆ, ನಡುವೆ ಅಂಚು ಹೊರಬಾಗಿದ ಬಟ್ಟಲು, ಮೇಲೆ ಮುಚ್ಚಳ. 100ರಿಂದ 120 ಮಿಲಿಲೀಟರ್ ಹಿಡಿಯುವ ಬಟ್ಟಲಿಗೆ 3ರಿಂದ 4 ಗ್ರಾಂ ಚಹಾ. ಚಮಚದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಚಿಕ್ಕ ತೂಕದ ಯಂತ್ರವೇ ವಾಸಿ. ಮೊದಲು ಬರೀ ಬಿಸಿನೀರು ಹಾಕಿ ಬಟ್ಟಲನ್ನು ಬಿಸಿಮಾಡಿ ಚೆಲ್ಲಿ. ಚಹಾ ಹಾಕಿ ಮುಚ್ಚಳ ಮುಚ್ಚಿ, ಒಂದೆರಡು ಸಲ ಅಲುಗಿಸಿ ಮುಚ್ಚಳದ ಒಳಮೈಯನ್ನು ಮೂಸಿ ನೋಡಿ. ಒಣ ಚಹಾ ಎಷ್ಟು ಒಳ್ಳೆಯದೆಂದು ಅಲ್ಲೇ ತಿಳಿಯುತ್ತದೆ. ಆಮೇಲೆ ನೀರನ್ನು ಕುಡಿಗಳ ಮೇಲೆ ನೇರ ಸುರಿಯದೆ, ಬಟ್ಟಲಿನ ಗೋಡೆಗುಂಟ ಸಣ್ಣ ಧಾರೆಯಲ್ಲಿ ಬಿಡಿ. ಮೇಲಿನಿಂದ ಜೋರಾಗಿ ಬಿದ್ದರೆ ರೋಮ ಉದುರಿ ಚಹಾ ಮಂಜುಮಂಜಾಗುತ್ತದೆ. ಅಂಚಿನವರೆಗೆ ತುಂಬಬೇಡಿ, ಬೆರಳು ಸುಡುವುದು ಅದರಿಂದಲೇ.

ಮೊದಲ ಮೂರು ಬಸಿತಕ್ಕೆ 5ರಿಂದ 8 ಸೆಕೆಂಡು ಸಾಕು. ಮುಚ್ಚಳವನ್ನು ತುಸು ಓರೆಮಾಡಿ, ಅನ್ನದ ಗಂಜಿ ಬಸಿಯುವ ಹಾಗೆ ಕೊನೆಯ ಹನಿಯವರೆಗೂ ಇನ್ನೊಂದು ಪಾತ್ರೆಗೆ ಬಸಿಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ಚಮಚ ನೀರು ತಳದಲ್ಲಿ ಉಳಿದರೂ ಕುಡಿ ಅದರಲ್ಲೇ ನೆನೆಯುತ್ತ ಮುಂದಿನ ಬಸಿತವನ್ನು ಕಹಿ ಮಾಡುತ್ತದೆ. ಬಸಿದ ಮೇಲೆ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಡಬೇಡಿ. ಒಳಗಿನ ಹಬೆಯಲ್ಲಿ ಬೆಂದರೆ ಹುಳಿವಾಸನೆ ಬರುತ್ತದೆ. ನಾಲ್ಕನೆಯದರಿಂದ ಪ್ರತಿ ಸಲ 5–10 ಸೆಕೆಂಡು ಹೆಚ್ಚಿಸುತ್ತ ಹೋದರೆ ಎಂಟು ಹತ್ತು ಬಸಿತ ನಿರಾತಂಕವಾಗಿ ಬರುತ್ತವೆ. ಬಣ್ಣ ತಿಳಿ ಹೊನ್ನಿನದು, ಲೋಟದ ಅಂಚಿನಲ್ಲಿ ಹಳದಿ ಉಂಗುರ ಕಾಣಬೇಕು. ಕಡುಕೆಂಪಾಗಿದ್ದರೆ ಹೊತ್ತು ಹೆಚ್ಚಾಗಿದೆ ಅಥವಾ ಚಹಾವೇ ಬೇರೆ.

ಗಾಯ್ವಾನ್ ಇಲ್ಲದವರು ಗಾಜಿನ ಲೋಟ ಬಳಸಲಿ: 200 ಮಿಲಿಲೀಟರ್ ನೀರಿಗೆ 2 ಗ್ರಾಂ, ಎರಡು ನಿಮಿಷ, ಸೋಸಿ ಕುಡಿಯುವುದು. ಸಕ್ಕರೆ ಬೇಡ, ಒಂದು ಗುಟುಕು ನುಂಗಿದ ಮೇಲೆ ಗಂಟಲಲ್ಲಿ ತಾನಾಗಿಯೇ ಸಿಹಿ ಮರಳುತ್ತದೆ, ಅದಕ್ಕಾಗಿಯೇ ಇದನ್ನು ಕುಡಿಯುವುದು. ಆರಿದ ಚಹಾ ಕದಡಿದಂತೆ ಕಂಡರೆ ಕೆಟ್ಟಿತೆಂದು ಚೆಲ್ಲಬೇಡಿ. ಚಹಾದ ಸತ್ವಗಳು ಕೆಫೀನಿನೊಡನೆ ಕೂಡಿಕೊಂಡು ತಣ್ಣಗಾದಾಗ ಹಾಗಾಗುತ್ತದೆ, ಬಿಸಿಮಾಡಿದರೆ ಮತ್ತೆ ತಿಳಿಯಾಗುತ್ತದೆ.

ಕುಡಿಯಲ್ಲಿ ಕೆಫೀನ್ ಬಲಿತ ಎಲೆಗಿಂತ ಹೆಚ್ಚು, ಆದ್ದರಿಂದ ರಾತ್ರಿ ಬೇಡ, ಬರಿಹೊಟ್ಟೆಗೂ ಬೇಡ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಲಿ. ಸೊಪ್ಪುಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತದೆ.

ಎತ್ತಿಡುವ ಜಾಗ ಅಡುಗೆಮನೆ ಅಲ್ಲ. ಇಂಗು, ಸಾರಿನಪುಡಿ, ಕರ್ಪೂರ, ಊದುಬತ್ತಿ ಯಾವುದರ ಪಕ್ಕದಲ್ಲಿಟ್ಟರೂ ಆ ವಾಸನೆಯನ್ನು ಚಹಾ ಎಳೆದುಕೊಳ್ಳುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಲ್ಲಿ, ಕತ್ತಲ ಬೀರುವಿನಲ್ಲಿ ಇಡಿ. ಫ್ರಿಜ್ಜಿನಿಂದ ತೆಗೆದೊಡನೆ ಬಿಚ್ಚಿದರೆ ತೇವ ಕೂರುತ್ತದೆ, ಆ ಗೋಜೇ ಬೇಡ. ಮಳೆಗಾಲದಲ್ಲಿ, ಕರಾವಳಿಯಲ್ಲಂತೂ, ಡಬ್ಬಿಗೆ ಒದ್ದೆ ಕೈ ಹಾಕಬೇಡಿ. ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ತೆಗೆದಿಟ್ಟುಕೊಳ್ಳಿ. ಒಂದೂವರೆ ಎರಡು ವರ್ಷದೊಳಗೆ ಮುಗಿಸಿ. ಬಸಿದ ಕುಡಿಯನ್ನು ಮರುದಿನಕ್ಕೆ ಉಳಿಸಬೇಡಿ, ಮಲ್ಲಿಗೆ ಗಿಡದ ಬುಡದ ಮಣ್ಣಿಗೆ ಬೆರೆಸಿಬಿಡಿ.