ಊಟದ ಹೊತ್ತು ನೋಡಿ ಊರು ಸುತ್ತಿ: ಪೆನಾಂಗ್‌ನಲ್ಲಿ ಮೂರು ದಿನ

ವಿದೇಶದಲ್ಲಿ ಮೂರು ದಿನದ ರಜೆ ಎಂದರೆ ನಾವು ಮೊದಲು ಬರೆಯುವುದು ನೋಡಬೇಕಾದ ಜಾಗಗಳ ಪಟ್ಟಿ. ಊಟ ಎಲ್ಲಿ ಸಿಗುತ್ತೋ ಅಲ್ಲಿ. ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಬಂದರು ಪಟ್ಟಣ ಜಾರ್ಜ್‌ಟೌನ್‌ಗೆ ಹೋಗುವವರು ಈ ಲೆಕ್ಕವನ್ನು ತಿರುಗಿಸಬೇಕು. ಊಟದ ಹೊತ್ತು ಮೊದಲು ಗೊತ್ತು ಮಾಡಿಕೊಳ್ಳಿ, ನೋಡುವ ಜಾಗಗಳನ್ನು ನಡುವೆ ತುಂಬಿಸಿ. ಈ ಊರಿನ ಹೆಸರುವಾಸಿ ಅಡುಗೆ ಇರುವುದು ಗಾಡಿಗಳಲ್ಲಿ. ಹೆಚ್ಚಿನ ಗಾಡಿಗಳಲ್ಲಿ ಒಂದೇ ಬಗೆಯ ತಿಂಡಿ. ಕೆಲವು ಬೆಳಿಗ್ಗೆ ಮಾತ್ರ, ಕೆಲವು ಕತ್ತಲಾದ ಮೇಲೆ. ಮಾಡಿದ್ದು ಖಾಲಿಯಾದರೆ ಮುಗಿಯಿತು, ಮತ್ತೆ ನಾಳೆಯೇ.

ಹೊರಡುವ ಮುಂಚೆ

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆ. ಅಲ್ಲಿಂದ ಪೆನಾಂಗ್‌ಗೆ ಇನ್ನೊಂದು ಗಂಟೆಯ ಹಾರಾಟ. ಹೊತ್ತಿದ್ದರೆ ಕ್ವಾಲಾಲಂಪುರದಿಂದ ಬಟರ್‌ವರ್ತ್‌ಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಫೆರ್ರಿ ಹತ್ತಿ. ನನ್ನ ಆಯ್ಕೆ ಇದೇ. ಬಂದರು ಊರಿಗೆ ನೀರಿನ ಮೇಲಿಂದಲೇ ಕಾಲಿಡಬೇಕು.

ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಎಂಬ ವಿನಾಯಿತಿ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದು ಇನ್ನೂ ಜಾರಿಯಲ್ಲಿದೆಯೇ ಎಂದು ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಿ. ವೀಸಾ ಬೇಡದಿದ್ದರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು. ಮಲೇಷ್ಯಾ ತಲುಪುವ ಹಿಂದಿನ ಮೂರು ದಿನಗಳೊಳಗೆ ಸರ್ಕಾರದ ಜಾಲತಾಣದಲ್ಲಿ ತುಂಬಿ. ಅದು ಉಚಿತ, ದುಡ್ಡು ಕೇಳುವ ಜಾಲತಾಣಗಳ ಹತ್ತಿರ ಹೋಗಬೇಡಿ. ಚೌಕ ಕಡ್ಡಿಗಳ ಮೂರು ಪಿನ್ನಿನ ಪ್ಲಗ್ ಅಡಾಪ್ಟರ್ ಬೇಕು. ಗಾಡಿಗಳಿಗೆ ಸಣ್ಣ ರಿಂಗಿಟ್ ನೋಟುಗಳನ್ನು ಇಟ್ಟುಕೊಳ್ಳಿ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜಾಸ್ತಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಉಳಿಯುವುದಕ್ಕೆ ಹಳೇ ಪೇಟೆಯ ಒಳಗೇ ರೂಮು ಹಿಡಿಯಿರಿ. ಬತು ಫೆರಿಂಗಿಯ ಕಡಲ ತೀರದ ರೆಸಾರ್ಟ್‌ಗಳು ಚೆನ್ನಾಗಿವೆ, ಆದರೆ ಪ್ರತಿ ಊಟಕ್ಕೂ ಅಷ್ಟು ದೂರ ಓಡಾಡಬೇಕು. ಮೂರು ದಿನದಲ್ಲಿ ಅದು ದಂಡ.

ಆರ್ಡರ್ ಮಾಡುವ ಕ್ರಮ

ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಚೀನೀಯರ ಹಳೇ ಕಾಫಿ ಅಂಗಡಿಗಳಿಗೆ ಕೊಪಿಟಿಯಮ್ ಅನ್ನುತ್ತಾರೆ. ಅಂಗಡಿ ಒಬ್ಬರದು, ಒಳಗಿನ ಗಾಡಿಗಳು ಬೇರೆ ಬೇರೆಯವರದು. ಮೊದಲು ಮೇಜು ಹಿಡಿಯಿರಿ. ಮೇಜಿನ ನಂಬರ್ ನೋಡಿಕೊಳ್ಳಿ. ಆಮೇಲೆ ಬೇಕಾದ ಗಾಡಿಗೆ ಹೋಗಿ ತಿಂಡಿ, ನಂಬರ್ ಎರಡನ್ನೂ ಹೇಳಿ ಬನ್ನಿ. ತಟ್ಟೆ ಮೇಜಿಗೇ ಬರುತ್ತದೆ, ತಂದವರಿಗೆ ಆಗಲೇ ದುಡ್ಡು ಕೊಡಬೇಕು. ಎರಡು ಗಾಡಿಯಿಂದ ತರಿಸಿದರೆ ಎರಡು ಸಲ ಲೆಕ್ಕ. ಕಾಫಿ, ಟೀ ಮಾತ್ರ ಅಂಗಡಿಯವರದು. ಅವರ ಜಾಗದಲ್ಲಿ ಕೂತಿರುತ್ತೇವಲ್ಲ, ಒಬ್ಬರು ಒಂದಾದರೂ ಕುಡಿಯಲು ತೆಗೆದುಕೊಳ್ಳುವುದು ಮರ್ಯಾದೆ. ಕಪ್ಪು ಕಾಫಿಗೆ ‘ಕೊಪಿ ಓ’ ಅನ್ನಿ, ಅದರಲ್ಲಿ ಸಕ್ಕರೆ ಇರುತ್ತದೆ. ಸಕ್ಕರೆ ಬೇಡದಿದ್ದರೆ ‘ಕೊಪಿ ಓ ಕೊಸೊಂಗ್’.

ಇನ್ನೊಂದು ಮಾತು. ತಟ್ಟೆಗಳು ಚಿಕ್ಕವು. ಇಬ್ಬರಿಗೆ ಒಂದು ತಟ್ಟೆ ಹಂಚಿಕೊಳ್ಳಿ, ಮುಂದಿನ ಗಾಡಿಗೆ ಹೊಟ್ಟೆಯಲ್ಲಿ ಜಾಗ ಇರಲಿ.

ಮೊದಲ ದಿನ: ಹಳೇ ಪೇಟೆ, ನಡೆದೇ

ಬಿಸಿಲೇರುವ ಮುಂಚೆ ವೆಲ್ಡ್ ಕೀ ರಸ್ತೆಯ ಬಂದರಿಗೆ ಹೋಗಿ. ಅಲ್ಲಿ ಸಮುದ್ರದೊಳಗೆ ನೆಟ್ಟ ಕಂಬಗಳ ಮೇಲೆ ಮರದ ಮನೆಗಳ ಸಾಲುಗಳಿವೆ. ಚ್ಯೂ, ಲಿಮ್, ಟಾನ್ ಹೀಗೆ ಒಂದೊಂದು ಚೀನೀ ಮನೆತನಕ್ಕೆ ಒಂದೊಂದು ಸಾಲು. ಚ್ಯೂ ಜೆಟ್ಟಿ ಎಲ್ಲಕ್ಕಿಂತ ದೊಡ್ಡದು. ಜನ ಇನ್ನೂ ವಾಸ ಮಾಡುತ್ತಿದ್ದಾರೆ, ಬಾಗಿಲೊಳಗೆ ಕ್ಯಾಮೆರಾ ಹಿಡಿಯಬೇಡಿ.

ಅಲ್ಲಿಂದ ಆರ್ಮೇನಿಯನ್ ಸ್ಟ್ರೀಟ್ ಹತ್ತಿರ. ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಖರೆವಿಚ್ 2012ರಲ್ಲಿ ಗೋಡೆಯ ಮೇಲೆ ಬರೆದ ಸೈಕಲ್ ಮಕ್ಕಳ ಚಿತ್ರ ಇಲ್ಲೇ ಇದೆ. ಚಿತ್ರದ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಿಲ್ಲ. ಆ ಹೊತ್ತನ್ನು ಪಿಟ್ ಸ್ಟ್ರೀಟ್‌ಗೆ ಕೊಡಿ. ಭಾರತೀಯ ಮುಸ್ಲಿಮರು ಕಟ್ಟಿದ ಕಪಿತಾನ್ ಕೆಲಿಂಗ್ ಮಸೀದಿ, ಚೀನೀಯರ ಕುವಾನ್ ಯಿನ್ ಗುಡಿ, 1818ರ ಸೇಂಟ್ ಜಾರ್ಜ್ ಚರ್ಚ್ ಒಂದೇ ಬೀದಿಯ ಉದ್ದಕ್ಕೂ ಸಿಗುತ್ತವೆ. ಪಕ್ಕದ ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಹಾಮಾರಿಯಮ್ಮನ್ ದೇವಸ್ಥಾನ. 2008ರಲ್ಲಿ ಯುನೆಸ್ಕೋ ಈ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾಕೆಂದು ಈ ಬೀದಿಯಲ್ಲಿ ನಡೆದರೆ ಸಾಕು, ತಿಳಿಯುತ್ತದೆ.

ಬೀದಿಯ ತುದಿ ದಾಟಿ ಕಡಲ ಕಡೆ ಹೋದರೆ ಕಾರ್ನ್‌ವಾಲಿಸ್ ಕೋಟೆ. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಪಡೆದನಲ್ಲ, ಅದೇ ಕಾರ್ನ್‌ವಾಲಿಸ್. 1786ರಲ್ಲಿ ಫ್ರಾನ್ಸಿಸ್ ಲೈಟ್ ಈ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ತಂದ. ಕೋಟೆಗೆ ಗವರ್ನರ್ ಜನರಲ್‌ನ ಹೆಸರಿಟ್ಟರು. ನಮ್ಮ ಮೈಸೂರಿನ ಚರಿತ್ರೆ ಓದಿದವರಿಗೆ ಈ ಗೋಡೆಗಳು ಬೇರೆಯದೇ ಆಗಿ ಕಾಣುತ್ತವೆ.

ಮಧ್ಯಾಹ್ನದ ಸೆಕೆಗೆ ಪೆನಾಂಗ್ ರಸ್ತೆಯ ಪಕ್ಕದ ಸಣ್ಣ ಓಣಿಯಲ್ಲಿ ಚೆಂದೋಲ್ ತಿನ್ನಿ. ತುರಿದ ಐಸ್, ತೆಂಗಿನಹಾಲು, ತಾಳೆಬೆಲ್ಲ, ಬೇಯಿಸಿದ ಕೆಂಪು ಕಾಳು. ನಡುವೆ ಪಾಂಡನ್ ಎಲೆಯ ಘಮದ ಹಸಿರು ಎಳೆಗಳು, ಅಕ್ಕಿಶಾವಿಗೆಯನ್ನು ತುಂಡು ಮಾಡಿ ಹಾಕಿದ ಹಾಗೆ. ಸಸ್ಯಾಹಾರಿಗಳೂ ತಿನ್ನಬಹುದು. ರೂಮಿಗೆ ಹೋಗಿ ಒಂದು ನಿದ್ದೆ ತೆಗೆಯಿರಿ, ಯಾಕೆಂದರೆ ಮುಖ್ಯ ಊಟ ಇನ್ನು ಮುಂದೆ.

ಸಂಜೆ ಚೂಲಿಯಾ ಸ್ಟ್ರೀಟ್ ಅಥವಾ ಕಿಂಬರ್ಲಿ ಸ್ಟ್ರೀಟ್‌ನಲ್ಲಿ ಚಾರ್ ಕ್ವೇ ತಿಯಾವ್ ಮಾಡುವ ಗಾಡಿ ಹುಡುಕಿ. ದೂರ ಕೂರಬೇಡಿ, ನೋಡುತ್ತಾ ನಿಲ್ಲಿ. ಬಾಣಲೆಯ ಕೆಳಗೆ ಉರಿ ಭೋರೆನ್ನುತ್ತಿರುತ್ತದೆ. ಅಗಲವಾದ ಅಕ್ಕಿ ನೂಡಲ್ಸ್, ಸೋಯಾ ಸಾಸ್, ಮೆಣಸಿನಕಾಯಿ ಪೇಸ್ಟ್, ಸೀಗಡಿ, ಚಿಪ್ಪಿನ ಮಾಂಸ, ಮೊಳಕೆ ಕಾಳು, ಮೊಟ್ಟೆ. ನುರಿತವರು ಒಂದೊಂದೇ ತಟ್ಟೆ ಹುರಿಯುತ್ತಾರೆ. ರಾಶಿ ಹಾಕಿದರೆ ಬಾಣಲೆ ತಣಿಯುತ್ತದೆ, ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ. ಅದಕ್ಕೇ ಸಾಲು ಉದ್ದ. ಕಾಯಿರಿ. ಬಹಳ ಕಡೆ ಹಂದಿಕೊಬ್ಬು ಬಳಸುತ್ತಾರೆ, ಬೇಡದವರು ಹಲಾಲ್ ಬೋರ್ಡ್ ಇರುವ ಕಡೆ ತಿನ್ನಿ.

ಸಸ್ಯಾಹಾರಿಗಳು ಏನು ಮಾಡಬೇಕು?

ಇಲ್ಲಿ ತರಕಾರಿ ತಟ್ಟೆಗೂ ಬೆಲಚಾನ್ ಎಂಬ ಸೀಗಡಿ ಪೇಸ್ಟ್ ಬೀಳುತ್ತದೆ. ‘ಮಾಂಸ ಬೇಡ’ ಅಂದರೆ ಸಾಲದು. ಮಲಯ್ ಭಾಷೆಯಲ್ಲಿ ‘ಬೇಡ’ ಅನ್ನಲು ‘ತಕ್ ಮಾವ್’ ಅನ್ನಬೇಕು. ಅದರ ಜೊತೆ ಉದಾಂಗ್ (ಸೀಗಡಿ), ಇಕಾನ್ (ಮೀನು), ತೆಲೂರ್ (ಮೊಟ್ಟೆ), ಬೆಲಚಾನ್ ಇವುಗಳಲ್ಲಿ ಏನು ಬೇಡವೋ ಅದನ್ನು ಸೇರಿಸಿ ಹೇಳಿ. ಲಿಟಲ್ ಇಂಡಿಯಾದಲ್ಲಿ ಈ ಚಿಂತೆಯೇ ಇಲ್ಲ. ಮಾರ್ಕೆಟ್ ಸ್ಟ್ರೀಟ್, ಪೆನಾಂಗ್ ಸ್ಟ್ರೀಟ್ ಸುತ್ತ ದೋಸೆ, ಬಾಳೆಲೆ ಊಟ ಸಿಗುತ್ತದೆ, ತಮಿಳಿನಲ್ಲೇ ಮಾತಾಡಬಹುದು. ಆದರೆ ಮೂರು ಹೊತ್ತೂ ಅಲ್ಲೇ ತಿಂದು ಬಂದರೆ ಅಷ್ಟು ದೂರ ಹೋಗಿ ಏನು ಪ್ರಯೋಜನ, ಅಲ್ವಾ? ಬೌದ್ಧರು ನಡೆಸುವ ಚೀನೀ ಸಸ್ಯಾಹಾರಿ ಅಂಗಡಿಗಳನ್ನು ಹುಡುಕಿ. ಮೊಟ್ಟೆ ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ.

ಎರಡನೇ ದಿನ: ಬೆಟ್ಟ, ಗುಡಿ, ಲಕ್ಸಾ

ಕೊಮ್ತಾರ್ ನಿಲ್ದಾಣದಿಂದ 204 ನಂಬರಿನ ಬಸ್ಸು ಹತ್ತಿ, ಕೊನೆಯ ನಿಲ್ದಾಣವೇ ಪೆನಾಂಗ್ ಹಿಲ್. ಬೆಟ್ಟದ ಮೇಲಕ್ಕೆ ಒಯ್ಯುವ, 1923ರಲ್ಲಿ ಶುರುವಾದ ಹಗ್ಗದ ರೈಲನ್ನು 2011ರಲ್ಲಿ ಹೊಸದು ಮಾಡಿದ್ದಾರೆ. ಬೇಗ ಹೋಗಿ. ಶನಿವಾರ, ಭಾನುವಾರ ಬೇಡವೇ ಬೇಡ, ಕ್ಯೂ ನಿಂತೇ ಅರ್ಧ ದಿನ ಹೋಗುತ್ತದೆ.

ವಾಪಸ್ ಬರುವಾಗ ಆಯರ್ ಇತಾಮ್‌ನಲ್ಲಿ ಇಳಿದು ಕೆಕ್ ಲೋಕ್ ಸಿ ಎಂಬ ಬೌದ್ಧ ಗುಡಿ ನೋಡಿ. ಏಳು ಅಂತಸ್ತಿನ ಗೋಪುರದ ಬುಡ ಚೀನೀ, ನಡು ಥಾಯ್, ತುದಿ ಬರ್ಮಾ ಶೈಲಿ. ಮೆಟ್ಟಿಲು ಬಹಳ, ನೀರಿನ ಬಾಟಲಿ ಇರಲಿ.

ಕೆಳಗೆ ಮಾರ್ಕೆಟ್ ಸುತ್ತ ಆಸಮ್ ಲಕ್ಸಾ. ಮೀನು ಬೇಯಿಸಿ ಬಿಡಿಸಿದ ಹುಣಸೆಹುಳಿಯ ಸಾರು, ದಪ್ಪ ಅಕ್ಕಿ ನೂಡಲ್ಸ್, ಮೇಲೆ ಪುದೀನ, ಈರುಳ್ಳಿ, ಅನಾನಸ್ ಚೂರು, ಘಮಗುಟ್ಟುವ ಶುಂಠಿ ಜಾತಿಯ ಹೂವಿನ ಮೊಗ್ಗು. ಚಮಚದಲ್ಲಿ ಕಪ್ಪಗೆ ಅಂಟಂಟಾದ ಸೀಗಡಿ ಪೇಸ್ಟ್ ಕೊಡುತ್ತಾರೆ. ಒಂದೇ ಸಲ ಕಲಸಬೇಡಿ. ಮೊದಲು ಸಾರನ್ನು ಹಾಗೇ ಕುಡಿದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಬೆರೆಸಿ.

ರಾತ್ರಿಗೆ ನಾಸಿ ಕಂದಾರ್. ಅನ್ನ ಬಡಿಸಿದ ಮೇಲೆ ಸಾರು, ಪಲ್ಯಗಳನ್ನು ಬೆರಳು ತೋರಿಸಿ ಆರಿಸಿ. ‘ಬಂಜಿರ್’ ಅಂದರೆ ಎಲ್ಲ ಸಾರನ್ನೂ ಸೇರಿಸಿ ಸುರಿಯುತ್ತಾರೆ. ಸುರಿಸಿಕೊಳ್ಳಿ. ದೊಡ್ಡ ಸೀಗಡಿ ಮುಟ್ಟುವ ಮುಂಚೆ ಬೆಲೆ ಕೇಳಿ, ಬಿಲ್ಲು ಏರುವುದು ಅಲ್ಲೇ.

ಕೊನೆಯ ದಿನ

ಬೆಳಿಗ್ಗೆ ಹೊಕ್ಕಿಯನ್ ಮೀ ಎಂಬ ಸೀಗಡಿ ಸಾರಿನ ನೂಡಲ್ಸ್, ಸಸ್ಯಾಹಾರಿಗಳಿಗೆ ಪರೋಟದಂಥ ರೋಟಿ ಚನಾಯ್ (ಜೊತೆಯ ಸಾರು ಮೀನಿನದಾ ಎಂದು ಕೇಳಿ). ಆಮೇಲೆ ಲೀತ್ ಸ್ಟ್ರೀಟ್‌ನ ನೀಲಿ ಬಂಗಲೆ, ಚಿಯಾಂಗ್ ಫಾಟ್ ಟ್ಜೆ ಮ್ಯಾನ್ಶನ್.

ಮನೆಗೆ ತರಲು ಬಿಳಿ ಕಾಫಿ ಪೊಟ್ಟಣ, ಜಾಯಿಕಾಯಿ ಮಿಠಾಯಿ, ಹೆಸರುಬೇಳೆ ಹೂರಣದ ತಾವ್ ಸಾರ್ ಪಿಯಾ ಬಿಸ್ಕತ್ತು ಒಳ್ಳೆಯವು. ಬಿಸ್ಕತ್ತಿನಲ್ಲಿ ಹಂದಿಕೊಬ್ಬು ಇರಬಹುದು, ಡಬ್ಬಿಯ ಮೇಲೆ ಓದಿ. ದುರಿಯನ್ ಹಣ್ಣಿನ ಕಾಲವಾದರೆ ಗಾಡಿಯ ಹತ್ತಿರವೇ ನಿಂತು ತಿಂದು ಮುಗಿಸಿ. ಹೋಟೆಲ್ ರೂಮಿಗೂ ವಿಮಾನಕ್ಕೂ ಅದನ್ನು ಬಿಡುವುದಿಲ್ಲ. ವಿಮಾನ ನಿಲ್ದಾಣ ದ್ವೀಪದ ದಕ್ಷಿಣದ ಬಾಯಾನ್ ಲೆಪಾಸ್‌ನಲ್ಲಿದೆ. ಸಂಜೆ ಆ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ, ಅಂದುಕೊಂಡಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಗ್ರ್ಯಾಬ್ (ಅಲ್ಲಿನ ಆ್ಯಪ್ ಟ್ಯಾಕ್ಸಿ) ಕರೆಯಿರಿ.