ಕುಡಿತ ಬಿಟ್ಟ ಮೊದಲ ವಾರಗಳ ನಿದ್ದೆ

ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು ಸಹಜ. ಮದ್ಯವು ಅದುಮಿಟ್ಟಿದ್ದ ಕನಸಿನ ನಿದ್ದೆ ಒಮ್ಮೆಲೇ ಉಕ್ಕಿ ಬರುವುದರಿಂದ, ಮತ್ತೆ ಕುಡಿದಂತೆಯೇ ಕನಸು ಬಿದ್ದು, ಬೆವರಿಗೆ ಒದ್ದೆಯಾದ ದಿಂಬಿನ ಮೇಲೆ ನಡುರಾತ್ರಿ ಎಚ್ಚರವಾಗಬಹುದು. ಅಂಥ ಕನಸನ್ನು ದಯವಿಟ್ಟು ಸೋಲೆಂದು ಭಾವಿಸಬೇಡಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಒಂದೇ ಸಮಯಕ್ಕೆ ಎದ್ದು ಬಿಸಿಲಿಗೆ ಬನ್ನಿ. ಮಧ್ಯಾಹ್ನದ ಊಟದ ನಂತರ ಕಾಫಿ, ಚಹಾ ಬೇಡ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ, ಗಡಿಯಾರ ನೋಡುತ್ತ ಹೊರಳಾಡದೆ ಎದ್ದು ಮಂದ ಬೆಳಕಿನಲ್ಲಿ ಕುಳಿತಿದ್ದು, ಕಣ್ಣು ಎಳೆದಾಗ ಹಾಸಿಗೆಗೆ ಮರಳಿ. ವೈದ್ಯರನ್ನು ಕೇಳದೆ ನಿದ್ದೆಮಾತ್ರೆ ನುಂಗಬೇಡಿ.

ಮೊದಲ ದಿನಗಳಲ್ಲಿ ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಅಥವಾ ಮಾತು ತಡವರಿಸಿದರೆ ಅದು ಬರೀ ನಿದ್ದೆಗೇಡಲ್ಲ; ಮನೆಯವರು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಿದ್ದೆ ಪೂರ್ತಿ ಹದಕ್ಕೆ ಬರಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆ ರಾತ್ರಿಗಳಲ್ಲಿ ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.